ಹಂಸಲೇಖ ಹಾಡು, ನಮ್ಮ ಕಾಯರ್, ಪೀಣ್ಯದ ಅಪ್ಪ

ಶುರು ಮಾಡೋಕ್ ಮುಂಚೆ ಒಂದು ಸಣ್ಣ ಕೋರಿಕೆ. ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ವಾಲ್ಯೂಮ್ ಎಷ್ಟಿದೆ ಅಂತ ಒಂದ್ಸಲ ನೋಡ್ಕೊಳ್ಳಿ. ಎರಡು ಪಾಯಿಂಟ್ ಇಳಿಸಿ. ಯಾಕೆ ಅಂತ ಕೊನೇಲಿ ಗೊತ್ತಾಗತ್ತೆ.

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತೀನಿ. ಸಂಗೀತಗಾರ್ತಿ ಅಲ್ಲ. ನಮ್ಮದೊಂದು ಕಾಯರ್ ಇದೆ, ಅಂದ್ರೆ ಗುಂಪಾಗಿ ಹಾಡೋ ತಂಡ, ಇಪ್ಪತ್ತೆರಡು ಜನ. ಶನಿವಾರ ಸಂಜೆ ನೀಲಾದ್ರಿ ರೋಡ್ ಹತ್ರ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ಪ್ರಾಕ್ಟೀಸ್. ಈ ನವೆಂಬರ್‌ನಲ್ಲಿ, ರಾಜ್ಯೋತ್ಸವದ ಲೆಕ್ಕದಲ್ಲಿ, ಅಲ್ಲೇ ಒಂದು ಕಾರ್ಯಕ್ರಮ ಕೊಟ್ವಿ. ಪೂರ್ತಿ ಹಂಸಲೇಖ ಅವರ ಹಾಡುಗಳು. ಅವರಿಗೆ ನಮ್ಮ ಕಡೆಯಿಂದ ಒಂದು ನಮಸ್ಕಾರ ಅಂತ. ಆ ಕಾರ್ಯಕ್ರಮ ಹೇಗೆ ಕೆಟ್ಟು ಹೇಗೆ ಸರಿಹೋಯ್ತು, ಅದರಲ್ಲಿ ಕಿವಿ ಸರಿಯಾಗಿ ಕೇಳದ ನಮ್ಮಪ್ಪ ಏನು ಮಾಡಿದ್ರು, ಅದೇ ಇವತ್ತಿನ ಮಾತು.

ಇದು ಶುರುವಾಗಿದ್ದು 2022ರಲ್ಲಿ. ಅಕ್ಟೋಬರ್ 28, ಶುಕ್ರವಾರ. ನಿಮಗೂ ನೆನಪಿರಬಹುದು, ಕೋಟಿ ಕಂಠ ಗಾಯನ ಅಂತ ರಾಜ್ಯ ಸರ್ಕಾರ ಮಾಡಿತ್ತು. ಬೆಳಿಗ್ಗೆ 11 ಗಂಟೆಗೆ ವಿಧಾನಸೌಧದ ಮೆಟ್ಟಿಲ ಮೇಲೆ, ಶಾಲೆಗಳಲ್ಲಿ, ಆಫೀಸುಗಳಲ್ಲಿ, ಎಲ್ಲ ಕಡೆ ಒಂದೇ ಹೊತ್ತಿಗೆ ಆರು ಕನ್ನಡ ಹಾಡು ಹಾಡೋದು. ನಾವೂ ಆಫೀಸಿನ ಕೆಫೆಟೇರಿಯಾದಲ್ಲಿ ನಲವತ್ತು ಜನ ನಿಂತ್ಕೊಂಡ್ವಿ. ಅರ್ಧಕ್ಕರ್ಧ ಜನ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ನೋಡ್ಕೊಂಡು ಹಾಡ್ತಿದ್ರು. ನಾಡಗೀತೆ ಸೇರಿ ಕುವೆಂಪು ಅವರದ್ದು ಎರಡು, ಹುಯಿಲಗೋಳ ನಾರಾಯಣರಾಯರದ್ದು ಒಂದು, ಡಿ.ಎಸ್. ಕರ್ಕಿ ಅವರದ್ದು ಒಂದು, ಚೆನ್ನವೀರ ಕಣವಿ ಅವರದ್ದು ಒಂದು. ನಿಜ ಹೇಳ್ತೀನಿ, ಐದು ಹಾಡಿಗೂ ನಮ್ಮ ದನಿ ಸ್ವಲ್ಪ ಶಾಲೆ ಪ್ರಾರ್ಥನೆ ಥರಾನೇ ಇತ್ತು.

ಆರನೇದು ಹಂಸಲೇಖ ಹಾಡು. 1993ರ 'ಆಕಸ್ಮಿಕ' ಸಿನಿಮಾದಲ್ಲಿ ರಾಜ್‌ಕುಮಾರ್ ಜಟಕಾ ಗಾಡಿ ಓಡಿಸ್ತಾ ಹಾಡೋದು. ಯಾವ ಹಾಡು ಅಂತ ನಾನು ಹೇಳಬೇಕಾಗಿಲ್ಲ. ಅದು ಶುರುವಾಗಿದ್ದೇ ತಡ, ಪಾತ್ರೆ ತೊಳೆಯೋ ಜಾಗದಿಂದ, ಲಿಫ್ಟ್ ಕಡೆಯಿಂದ, ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು ಒಬ್ಬೊಬ್ಬರಾಗಿ ಬಂದ್ರು. ಅವರ್ಯಾರ ಕೈಯಲ್ಲೂ ಮೊಬೈಲ್ ಇಲ್ಲ. ಪೂರ್ತಿ ಬಾಯಿಪಾಠ. ನಾವು ನಲವತ್ತು ಜನ ಮಾಡದ ಸದ್ದನ್ನ ಅವರು ಹತ್ತು ಜನ ಮಾಡಿದ್ರು.

ಇನ್ನೊಂದು ವಿಷಯ ಆಮೇಲೆ ಹೊಳೀತು. ಕಣವಿ ಅವರು ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ರು. ಹಾಗಾಗಿ ಆವತ್ತು ಹಾಡಿದ ಆರು ಹಾಡುಗಳ ಕವಿಗಳಲ್ಲಿ ಬದುಕಿದ್ದವರು ಒಬ್ಬರೇ, ಹಂಸಲೇಖ. ಆ ಪಟ್ಟಿಯಲ್ಲಿ ಸಿನಿಮಾಕ್ಕೆ ಅಂತ ಬರೆದಿದ್ದೂ ಆ ಒಂದೇ ಹಾಡು.

ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಜೊತೆ ಕೆಲಸ ಮಾಡೋ ಒಬ್ಬ ಅಕ್ಕ ಹೇಳಿದ್ರು, "ಇಷ್ಟು ದನಿ ಇದೆಯಲ್ಲ ಮಾರಾಯ್ತಿ, ನಾವೊಂದು ಕಾಯರ್ ಮಾಡುವನಾ?" ಅವರು ಮಂಗಳೂರಿನವರು. ಬಾಸೆಲ್ ಮಿಷನ್ ಕಾಲದಿಂದ ಬಂದ ಚರ್ಚಿನ ಕುಟುಂಬ. ಮಿಷನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ನಮ್ಮಲ್ಲಿ ಕಾಯರ್ ಅಂದ ತಕ್ಷಣ ಅದು ಇಂಗ್ಲಿಷ್‌ನವರದ್ದು, ಕಂಟೋನ್ಮೆಂಟ್ ಕಡೆಯದ್ದು ಅಂತ ಅನ್ಕೋತೀವಿ. ಆದರೆ ಕನ್ನಡದಲ್ಲಿ ಭಾಗ ಮಾಡಿಕೊಂಡು ಹಾಡೋದು ಕರಾವಳಿ ಚರ್ಚುಗಳಲ್ಲಿ ತಲೆಮಾರುಗಳಿಂದ ಇದೆ. ನಮ್ಮ ಕನ್ನಡ ನಿಘಂಟಿನ ಕಿಟ್ಟೆಲ್ ಇದ್ದಾರಲ್ಲ, ಅವರೂ ಕನ್ನಡದಲ್ಲಿ ಭಕ್ತಿಗೀತೆ ಬರೆದವರೇ. ಈ ಅಕ್ಕ ಏಳನೇ ವಯಸ್ಸಿನಿಂದ ಹಾಗೆ ಹಾಡಿದವರು. ಅವರೇ ನಮ್ಮ ಕಂಡಕ್ಟರ್ ಆದ್ರು. ಬಿಎಂಟಿಸಿ ಕಂಡಕ್ಟರ್ ಅಲ್ಲ, ಎದುರಿಗೆ ನಿಂತು ಕೈಯಾಡಿಸೋ ಕಂಡಕ್ಟರ್. ಚಿಲ್ಲರೆ ಜೋಕು ಮೂರು ವರ್ಷದಿಂದ ನಡೀತಾನೇ ಇದೆ.

ಕಾಯರ್ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ನಾವು ಸಾಮಾನ್ಯವಾಗಿ ಗುಂಪಾಗಿ ಹಾಡಿದ್ರೆ ಎಲ್ಲರೂ ಒಂದೇ ರಾಗ, ಒಂದೇ ಸ್ವರ. ಭಜನೆ ಥರ. ಕಾಯರಲ್ಲಿ ನಾಲ್ಕು ಪಾಲು. ಹೆಣ್ಣು ದನಿಯಲ್ಲಿ ಎತ್ತರದ್ದು ಸೊಪ್ರಾನೊ, ತಗ್ಗಿನದ್ದು ಆಲ್ಟೊ. ಗಂಡು ದನಿಯಲ್ಲಿ ಎತ್ತರದ್ದು ಟೆನರ್, ತಗ್ಗಿನದ್ದು ಬೇಸ್. ಒಬ್ಬರು ಸ ಹಿಡಿದಿದ್ರೆ ಇನ್ನೊಬ್ಬರು ಗ, ಮತ್ತೊಬ್ಬರು ಪ. ಮೂರೂ ಒಟ್ಟಿಗೆ ಬಂದಾಗ ಒಬ್ಬರೂ ಒಂಟಿಯಾಗಿ ಮಾಡೋಕಾಗದ ಒಂದು ನಾದ ಬರತ್ತೆ. ಮೊದಲ ಸಲ ಅದು ಸರಿಯಾಗಿ ಕೂತಾಗ ಮೈ ಜುಮ್ ಅನ್ನತ್ತೆ. ನಾನು ಆಲ್ಟೊ. ನಮ್ಮ ಪಾಲಿನ ಮುಖ್ಯ ದನಿ ಆವತ್ತು ಕೆಫೆಟೇರಿಯಾಗೆ ಮೊದಲು ಬಂದ ಹೌಸ್‌ಕೀಪಿಂಗ್ ಅಕ್ಕನದ್ದು. ಆನೇಕಲ್ ಕಡೆಯವರು. ಸ್ವರ ಬರೆದ ಹಾಳೆ ಓದೋಕೆ ಅವರಿಗೆ ಬರಲ್ಲ, ನನಗೂ ಬರಲ್ಲ. ಒಂದ್ಸಲ ಕೇಳಿಸ್ಕೊಂಡ್ರೆ ಅವರಿಗೆ ಸಾಕು, ನನಗೆ ಹತ್ತು ಸಲ ಬೇಕು.

ಈಗ ಹಂಸಲೇಖ ಬಗ್ಗೆ. ನಿಮ್ಮಲ್ಲಿ ತುಂಬಾ ಜನಕ್ಕೆ ಅವರು 'ಸರಿಗಮಪ' ವೇದಿಕೆಯ ಮಹಾಗುರು ಅಂತ ಗೊತ್ತು. 2023ರಲ್ಲಿ ಮೈಸೂರು ದಸರಾ ಉದ್ಘಾಟನೆ ಮಾಡಿದ್ದೂ ಅವರೇ. ಹುಟ್ಟು ಹೆಸರು ಗಂಗರಾಜು, ಹಂಸಲೇಖ ಕಾವ್ಯನಾಮ. 1951ರ ಜೂನ್ 23ಕ್ಕೆ ಹುಟ್ಟಿದವರು, 2026ರ ಜೂನ್‌ಗೆ 75 ತುಂಬತ್ತೆ. 300ಕ್ಕೂ ಹೆಚ್ಚು ಸಿನಿಮಾ. 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಸಿನಿಮಾದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಸಿನಿಮಾದಲ್ಲಿ ಹಾಡಿದ್ದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ.

ಆದರೆ ಹಾಡೋರಿಗೆ ಮುಖ್ಯವಾದ ವಿಷಯ ಬೇರೆ. ಸಿನಿಮಾದಲ್ಲಿ ಸಾಮಾನ್ಯವಾಗಿ ರಾಗ ಹಾಕೋರು ಒಬ್ಬರು, ಪದ ಬರೆಯೋರು ಇನ್ನೊಬ್ಬರು. ಇವರ ಹೆಚ್ಚಿನ ಹಾಡುಗಳಲ್ಲಿ ಎರಡೂ ಒಬ್ಬರೇ. ಅದಕ್ಕೇ ಪದ ಎಲ್ಲಿ ಒತ್ತು ಕೇಳತ್ತೋ ತಾಳವೂ ಅಲ್ಲೇ ಬೀಳತ್ತೆ. 1987ರ 'ಪ್ರೇಮಲೋಕ' ಕೇಳಿ. ಮಾತು ಎಲ್ಲಿ ಮುಗೀತು, ಹಾಡು ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗಲ್ಲ. ಕಾಲೇಜು ಹುಡುಗರು ಬಸ್‌ಸ್ಟ್ಯಾಂಡಲ್ಲಿ ಆಡೋ ಕನ್ನಡವೇ ಹಾಡಾಯ್ತು. ಆ ಕ್ಯಾಸೆಟ್ಟು ಮಾರಾಟವಾದ ರೀತಿ ನೋಡಿ ದೊಡ್ಡವರೆಲ್ಲ ತಲೆ ಕೆಡಿಸ್ಕೊಂಡಿದ್ರಂತೆ.

ಆ ಕ್ಯಾಸೆಟ್ಟು ಕೊಂಡವರಲ್ಲಿ ನಮ್ಮಪ್ಪನೂ ಒಬ್ಬರು.

ಅಪ್ಪ ತುಮಕೂರು ಕಡೆಯ ಹಳ್ಳಿಯಿಂದ ಪೀಣ್ಯಕ್ಕೆ ಬಂದಿದ್ದು 1986ರಲ್ಲಿ, ಇಪ್ಪತ್ತನೇ ವಯಸ್ಸಲ್ಲಿ. ಮೊದಲು ಲೇತ್ ಮೇಲೆ ಹೆಲ್ಪರ್, ಆಮೇಲೆ ಪ್ರೆಸ್ ಶಾಪ್. ಪವರ್ ಪ್ರೆಸ್ ಅಂದ್ರೆ ತಗಡಿನ ಮೇಲೆ ಅಚ್ಚು ಬಡಿಯೋ ಮಿಷನ್. ನಿಮಿಷಕ್ಕೆ ಎಷ್ಟೋ ಸಲ ಧಡ್ ಧಡ್ ಅಂತ ಬೀಳ್ತಾನೇ ಇರತ್ತೆ. ಅಂಥ ಆರು ಮಿಷನ್ ಒಂದು ಶೆಡ್ಡಲ್ಲಿ. ಸೈಕಲ್ಲು ಕೊಳ್ಳೋಕೆ ಅಂತ ಕೂಡಿಟ್ಟ ದುಡ್ಡಲ್ಲಿ ಅಪ್ಪ ಒಂದು ಟೇಪ್‌ರೆಕಾರ್ಡರ್ ಕೊಂಡಿದ್ರು. 'ಪ್ರೇಮಲೋಕ' ಆಯ್ತು, 'ರಣಧೀರ' ಆಯ್ತು, 'ರಾಮಾಚಾರಿ' ಆಯ್ತು, 'ಬೆಳ್ಳಿ ಕಾಲುಂಗುರ' ಆಯ್ತು. ಗಣೇಶನ ಹಬ್ಬಕ್ಕೆ ಗಲ್ಲಿ ಆರ್ಕೆಸ್ಟ್ರಾದಲ್ಲಿ ಅಪ್ಪ ಹಾಡ್ತಿದ್ರು. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಅವರನ್ನ ಎಸ್ಪಿಬಿ ಅಂತಾನೇ ಕರೀತಿದ್ರು. ನಾನು ಹುಟ್ಟಿದ್ದು 1993ರಲ್ಲಿ. 'ಆಕಸ್ಮಿಕ' ಬಂದ ವರ್ಷ ಹುಟ್ಟಿದ ಮಗಳು ಅಂತ ಅಪ್ಪ ಎಲ್ಲರ ಹತ್ರ ಹೇಳ್ಕೊತಿದ್ರು.

ಅವರ ಕಿವಿ ಯಾವಾಗ ಹೋಯ್ತು ಅಂತ ಹೇಳೋಕಾಗಲ್ಲ. ಒಂದು ದಿನ ಹೋಗಿದ್ದಲ್ಲ. ಶಬ್ದದಿಂದ ಕಿವಿ ಹಾಳಾಗೋದು ಹೀಗೆ. ಒಳಕಿವಿಯಲ್ಲಿ ಕೂದಲಿನಂಥ ಎಳೆಗಳಿರೋ ಜೀವಕೋಶ ಇರ್ತವೆ. ಸತತವಾಗಿ ದೊಡ್ಡ ಸದ್ದು ಬಿದ್ರೆ ಅವು ಸಾಯ್ತವೆ. ಸತ್ತರೆ ಮತ್ತೆ ಬೆಳೆಯಲ್ಲ. ಮೊದಲು ಪೆಟ್ಟು ಬೀಳೋದು 4000 ಹರ್ಟ್ಸ್ ಸುತ್ತಮುತ್ತ, ಅಂದ್ರೆ ಎತ್ತರದ, ತೀಕ್ಷ್ಣವಾದ ದನಿಗಳಿಗೆ. ಮಾತಿನಲ್ಲಿ ಅಲ್ಲಿರೋದು ಯಾವುದು ಗೊತ್ತಾ? ಸ, ಶ, ತ, ಕ ಇಂಥ ವ್ಯಂಜನಗಳ ಗುರುತು. ಸ್ವರಗಳೆಲ್ಲ ಕೆಳಗಿನ ದನಿ, ಅವು ಉಳ್ಕೊತವೆ. ಅದಕ್ಕೇ ಅಪ್ಪ ಹೇಳ್ತಿದ್ರು, "ಮಾತಾಡ್ತಿದೀಯ ಅಂತ ಕೇಳತ್ತೆ, ಏನು ಮಾತಾಡ್ತಿದೀಯ ಅಂತ ಕೇಳಲ್ಲ." ನಾವು ಜೋರಾಗಿ ಹೇಳ್ತಿದ್ವಿ. "ಕಿರುಚಬೇಡ, ನಿಧಾನ ಹೇಳು, ಮುಖ ತೋರಿಸಿ ಹೇಳು" ಅಂತಿದ್ರು. ಬರ್ತಾ ಬರ್ತಾ ಅವರು ತುಟಿ ನೋಡಿ ಮಾತು ತಿಳ್ಕೊಳ್ಳೋದು ಕಲಿತ್ರು. ಯಾರೂ ಹೇಳಿಕೊಡಲಿಲ್ಲ. ಆ ಶೆಡ್ಡಲ್ಲಿ ಎಲ್ಲರೂ ಹಾಗೇ ಮಾತಾಡ್ತಿದ್ದಿದ್ದು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ದೇಶದ ಕಾರ್ಖಾನೆ ನಿಯಮದಲ್ಲಿ 8 ಗಂಟೆ ಕೆಲಸಕ್ಕೆ 90 ಡೆಸಿಬೆಲ್ ಮಿತಿ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಕೆಲಸದಿಂದ ಬರೋ ರೋಗಗಳ ಪಟ್ಟಿಯಲ್ಲಿ, ಶಬ್ದದಿಂದಾಗೋ ಕಿವುಡುತನವೂ ಇತ್ತು. ಇಎಸ್‌ಐನಲ್ಲೂ ಅದಕ್ಕೆ ಪರಿಹಾರ ಇದೆ. ಅಪ್ಪನಿಗೆ ಮೂವತ್ತು ವರ್ಷದಲ್ಲಿ ಇದನ್ನ ಯಾರೂ ಹೇಳಲಿಲ್ಲ. ಅವರು ಕೆಲಸ ಮಾಡಿದ ಜಾಗದ ಹೆಸರು ನಾನು ಹೇಳಲ್ಲ, ಅದು ಸಣ್ಣ ಯೂನಿಟ್ಟು, ಈಗ ಇಲ್ಲ. ಕಿವಿಗೆ ಕೊಟ್ಟಿದ್ದು ಹತ್ತಿ ಉಂಡೆ. ನಿಮ್ಮ ಮನೇಲಿ ಯಾರಾದ್ರೂ ಇಂಥ ಕಡೆ ಕೆಲಸ ಮಾಡ್ತಿದ್ರೆ ದಯವಿಟ್ಟು ಒಂದ್ಸಲ ಕಿವಿ ಪರೀಕ್ಷೆ ಮಾಡಿಸಿ, ರಿಪೋರ್ಟ್ ಜೋಪಾನವಾಗಿ ಇಟ್ಕೊಳ್ಳಿ.

ಅಪ್ಪ ಹಾಡೋದು ನಿಲ್ಸಿದ್ದು ಯಾವಾಗ ಅಂತ ಮಾತ್ರ ನನಗೆ ಸರಿಯಾಗಿ ಗೊತ್ತು. ಯಾಕಂದ್ರೆ ನಿಲ್ಸಿದ್ದು ನಾನು.

2009, ನನ್ನ ಎಸ್ಸೆಸ್ಸೆಲ್ಸಿ. ಪರೀಕ್ಷೆಗೆ ಓದ್ತಾ ಕೂತಿದ್ದೆ. ಅಪ್ಪ ಬಚ್ಚಲಲ್ಲಿ ಬಟ್ಟೆ ನೆನೆಹಾಕ್ತಾ ಹಾಡ್ತಿದ್ರು. ತನ್ನ ದನಿ ತನಗೇ ಸರಿಯಾಗಿ ಕೇಳಿಸದೆ ಇದ್ದಾಗ ಮನುಷ್ಯ ಜೋರಾಗಿ ಹಾಡ್ತಾನೆ, ಶ್ರುತಿಯೂ ಜಾರತ್ತೆ. ನನ್ನ ಗೆಳತಿಯರಿಬ್ಬರು ಓದೋಕೆ ಬಂದಿದ್ರು. ಅವರು ಮುಸಿಮುಸಿ ನಗ್ತಿದ್ರು. ನಾನು ಎದ್ದು ಹೋಗಿ, ಅಪ್ಪನ ಎದುರಿಗೇ ನಿಂತು, ತುಟಿ ಕಾಣೋ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ, "ಅಪ್ಪಾ, ಶ್ರುತಿ ಹೋಗಿದೆ. ನಿಲ್ಸಿ." ಅವರಿಗೆ ಅದು ಚೆನ್ನಾಗಿ ಅರ್ಥವಾಯ್ತು. ಆವತ್ತಿಂದ ಮನೇಲಿ ಅವರು ಹಾಡಿಲ್ಲ. ಬೈಲಿಲ್ಲ, ಮುನಿಸ್ಕೊಳ್ಳಲಿಲ್ಲ. ಹಾಡಲಿಲ್ಲ, ಅಷ್ಟೇ.

ಇದನ್ನ ನಾನು ಇದುವರೆಗೂ ಯಾರಿಗೂ ಹೇಳಿರಲಿಲ್ಲ.

ಈಗ ಕಾಯರ್‌ಗೆ ವಾಪಸ್ ಬರ್ತೀನಿ. ಹಂಸಲೇಖ ಹಾಡುಗಳನ್ನ ನಾಲ್ಕು ಪಾಲು ಮಾಡೋಕೆ ನಾವು ಐದು ತಿಂಗಳು ಒದ್ದಾಡಿದ್ವಿ. ಕಂಡಕ್ಟರ್ ಅಕ್ಕ ಬಹಳ ಚೆನ್ನಾಗಿ ಬರೆದಿದ್ರು. ಸೊಪ್ರಾನೊದವರು ಪಲ್ಲವಿ ಶುರು ಮಾಡಿದ್ರೆ, ಎರಡು ಮಾತ್ರೆ ಬಿಟ್ಟು ಆಲ್ಟೊ ಹಿಂದೆ ಬರತ್ತೆ, ಟೆನರ್ ಮೇಲಿಂದ ಹಾರತ್ತೆ, ಬೇಸ್ ಬೇರೆಯದೇ ಪದ ಹಿಡ್ಕೊಂಡು ಕೆಳಗೆ ಓಡಾಡತ್ತೆ. ಕೇಳೋಕೆ ಅಲೆ ಮೇಲೆ ಅಲೆ ಬಂದ ಹಾಗೆ. ಆ ಅಲೆಗಳಿಗೆ ಜಾಗ ಬೇಕು ಅಂತ ಲಯವನ್ನ ನಿಧಾನ ಮಾಡಿದ್ವಿ. ರೆಕಾರ್ಡ್ ಮಾಡಿ ಕೇಳಿದಾಗ ನಮಗೆ ನಾವೇ ಭೇಷ್ ಅಂದ್ಕೊಂಡ್ವಿ.

ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾಯ್ತು. ಅಲ್ಲಿವರೆಗೂ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬರೋದು ಅಂದ್ರೆ ಅಪ್ಪನ ಲೆಕ್ಕದಲ್ಲಿ ತಿರುಪತಿಗೆ ಹೋಗಿ ಬಂದ ಹಾಗೆ. ಸಿಲ್ಕ್ ಬೋರ್ಡ್ ದಾಟೋದರೊಳಗೆ ಊಟದ ಹೊತ್ತಾಗ್ತಿತ್ತು. ಈಗ ಹಸಿರು ಮಾರ್ಗದಲ್ಲಿ ಹತ್ತಿ ಆರ್.ವಿ. ರೋಡಲ್ಲಿ ಇಳಿದು ಹಳದಿ ಹತ್ತಿದ್ರೆ ಆಯ್ತು. "ಹೊಸ ರೈಲು ನೋಡ್ಬೇಕು" ಅಂತ ಅಪ್ಪ ಒಂದು ಶನಿವಾರ ಬಂದ್ರು. ರೈಲು ನೋಡೋಕೆ ಬಂದವರನ್ನ ಪ್ರಾಕ್ಟೀಸಿಗೆ ಕರ್ಕೊಂಡು ಹೋದೆ.

ಅವರನ್ನ ಮುಂದೆ ಕೂರಿಸಿ ನಾವು 'ಆಕಸ್ಮಿಕ'ದ ಹಾಡು ಹಾಡಿದ್ವಿ. ಅಪ್ಪನ ಕಣ್ಣು ಸೊಪ್ರಾನೊ ಕಡೆ ಹೋಯ್ತು, ಅಲ್ಲಿಂದ ಬೇಸ್ ಕಡೆ ಬಂತು, ಟೆನರ್ ಕಡೆ ಹೋಯ್ತು, ಮತ್ತೆ ವಾಪಸ್. ಟೆನಿಸ್ ಮ್ಯಾಚ್ ನೋಡಿದ ಹಾಗೆ. ಹಾಡು ಮುಗಿದ ಮೇಲೆ ಎಲ್ಲರೂ ಅವರನ್ನೇ ನೋಡ್ತಿದ್ರು. ಅಪ್ಪ ನನ್ನ ಕೇಳಿದ್ರು, "ಇದು ಯಾವ ಹಾಡಮ್ಮ?"

ಯಾರಿಗೂ ಮಾತೇ ಹೊರಡಲಿಲ್ಲ. ನಾನು ಹಾಡಿನ ಹೆಸರು ಹೇಳಿದೆ. ಅವರಿಗೆ ನಾಚಿಕೆ ಆಯ್ತು ಅನ್ಸತ್ತೆ. "ಚೆನ್ನಾಗೇ ಹಾಡಿದೀರ. ನನ್ನ ಕಿವಿ ಸರಿಯಿಲ್ಲ. ಬಾಯಿ ನೋಡೋಣ ಅಂದ್ರೆ ನಾಲ್ಕು ಗುಂಪು ನಾಲ್ಕು ಮಾತಾಡ್ತಿದೆ. ನಾನು ಯಾರ ಬಾಯಿ ನೋಡ್ಲಿ?" ಅಂದ್ರು.

ಆ ಮಾತಿಗೆ ನಮ್ಮಲ್ಲಿ ಕೆಲವರಿಗೆ ಬೇಜಾರಾಯ್ತು. ಒಬ್ಬ ಹುಡುಗ ನನ್ನ ಕಿವಿಯಲ್ಲಿ ಹೇಳಿದ, "ಅಂಕಲ್‌ಗೆ ಕೇಳಿಸಲ್ಲ ಅಂತ ಅರೇಂಜ್‌ಮೆಂಟ್ ಬದಲಾಯ್ಸೋಕಾಗತ್ತಾ?" ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಆದರೆ ಹೌಸ್‌ಕೀಪಿಂಗ್ ಅಕ್ಕ ಮೆಲ್ಲಗೆ ಅಂದ್ರು, "ನನಗೆ ಕಿವಿ ಕೇಳತ್ತೆ. ನಮ್ಮ ಪದ ನನಗೂ ಕೇಳಿಸ್ತಿರಲಿಲ್ಲ. ಹೊಸಬಳು ಅಂತ ಸುಮ್ನಿದ್ದೆ."

ಕಂಡಕ್ಟರ್ ಅಕ್ಕ ಆವತ್ತು ಏನೂ ಹೇಳಲಿಲ್ಲ. ಮುಂದಿನ ಶನಿವಾರ ಹೊಸ ಹಾಳೆ ತಂದ್ರು. ಪಲ್ಲವಿ ಪೂರ್ತಿ ಬದಲಾಗಿತ್ತು. ಈಗ ನಾಲ್ಕು ಪಾಲಿನವರೂ ಒಂದೇ ಪದವನ್ನ ಒಂದೇ ಕ್ಷಣಕ್ಕೆ ಹೇಳ್ತೀವಿ, ಸ್ವರ ಮಾತ್ರ ಬೇರೆ ಬೇರೆ. ಚರಣದಲ್ಲಿ ಒಬ್ಬರೇ ಪದ ಹಾಡ್ತಾರೆ, ಉಳಿದವರು ಬಾಯಿ ಮುಚ್ಚಿ ಮ್ ಅಂತ ಕೆಳಗೆ ಹಿಡ್ಕೊತೀವಿ. "ಇದು ಚರ್ಚಿನ ಪದ್ಧತಿ. ಎಲ್ಲರಿಗೂ ಪದ ತಿಳೀಬೇಕಲ್ಲ, ಅದಕ್ಕೇ ಹೀಗೆ ಕಟ್ಟುದು. ಇದು ಸಪ್ಪೆ ಆಗ್ತದೆ ಅಂತ ನಾನು ಮೊದಲು ಬಿಟ್ಟದ್ದು" ಅಂದ್ರು. ಲಯವನ್ನೂ ಮೂಲದಷ್ಟೇ ಚುರುಕು ಮಾಡಿದ್ವಿ. ಹಾಡಿ ನೋಡಿದ್ರೆ ಸಪ್ಪೆ ಆಗಿರಲಿಲ್ಲ. ಒತ್ತು ಇರೋ ಕಡೆ ಇಪ್ಪತ್ತೆರಡು ಜನರ ಒತ್ತು ಒಟ್ಟಿಗೆ ಬಿತ್ತು. ಬರೆದವರು ಆ ಪದವನ್ನ ಅಲ್ಲೇ ಯಾಕೆ ಇಟ್ಟಿದ್ರು ಅಂತ ನಮಗೆ ತಿಳಿದಿದ್ದು ಆವಾಗ.

ಅಪ್ಪ ಆಮೇಲೆ ಪ್ರತಿ ಶನಿವಾರ ಬರೋಕೆ ಶುರು ಮಾಡಿದ್ರು. ಅವರಿಗೇ ಒಂದು ಕೆಲಸ ಸಿಕ್ಕಿತ್ತು, ಉಚ್ಚಾರಣೆ ಮೇಷ್ಟ್ರು. ಕಿವಿ ಕೇಳದವರು ಉಚ್ಚಾರಣೆ ತಿದ್ದೋದಾ ಅಂತ ನಗಬೇಡಿ. ನಮ್ಮ ತಂಡದಲ್ಲಿ ಅರ್ಧ ಜನರ ಮನೆಮಾತು ಕನ್ನಡ ಅಲ್ಲ. ಎಲ್ಲರಿಗೂ ದೊಡ್ಡ ಪರೀಕ್ಷೆ ಅಂದ್ರೆ ಳಕಾರ. ಒಡಿಶಾದ ಹುಡುಗನಿಗೆ ತೊಂದ್ರೆ ಇಲ್ಲ, ಅವರ ಭಾಷೆಯಲ್ಲೂ ಳ ಇದೆ. ಮರಾಠಿಯವರಿಗೆ, ತಮಿಳಿನವರಿಗೆ, ಮಲಯಾಳದವರಿಗೆ ಇದೆ. ಕೋಲ್ಕತ್ತಾದ ಹುಡುಗಿಗೆ, ಲಖನೌದ ಹುಡುಗನಿಗೆ ಇಲ್ಲ. ಲಖನೌ ಹುಡುಗ ಎರಡು ವಾರ ಕಷ್ಟಪಟ್ಟು ಳ ಕಲಿತ. ಕಲಿತ ಖುಷಿಗೆ ಕಂಡಕಂಡಲ್ಲೆಲ್ಲ ಹಾಕೋಕೆ ಶುರು ಮಾಡಿದ. 1994ರ 'ಹಾಲುಂಡ ತವರು' ಸಿನಿಮಾದ ಹಾಡೂ ನಮ್ಮ ಪಟ್ಟಿಯಲ್ಲಿತ್ತು. ಅವನ ಬಾಯಲ್ಲಿ ಅದು 'ಹಾಳುಂಡ ತವರು' ಆಯ್ತು. ಅಪ್ಪ ಅವನ ನಾಲಿಗೆ ಮಡಚಿದ್ದನ್ನ ಕಣ್ಣಲ್ಲೇ ಹಿಡಿದು, "ಅಯ್ಯಯ್ಯೋ, ತವರುಮನೆ ಹಾಳ್ಮಾಡ್ಬಿಟ್ಯಲ್ಲಪ್ಪ!" ಅಂದ್ರು. ಅರ್ಥ ಬಿಡಿಸಿ ಹೇಳಿದಾಗ ಅವನೂ ಬಿದ್ದು ಬಿದ್ದು ನಕ್ಕ. ಆಮೇಲೆ ಆ ತಪ್ಪು ಮಾಡಲಿಲ್ಲ.

ತುಟಿ ನೋಡಿ ಎಲ್ಲವೂ ತಿಳಿಯಲ್ಲ. ಪ, ಬ, ಮ ಮೂರೂ ತುಟಿ ಮೇಲೆ ಒಂದೇ ಥರ ಕಾಣ್ತವೆ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಪಾಪ, ಬಾಬ, ಮಾಮ ಅಂದು ನೋಡಿ. ನಾನು ಕೇಳಿದೆ, ಮತ್ತೆ ಹೇಗೆ ಗೊತ್ತಾಗತ್ತೆ ಅಂತ. ಅಪ್ಪ ಹೇಳಿದ್ರು, "ಗೊತ್ತಿರೋ ಹಾಡಾದ್ರೆ ಗೊತ್ತಾಗತ್ತೆ. ಗೊತ್ತಿಲ್ಲದ ಹಾಡಾದ್ರೆ ಇಲ್ಲ."

ಆ ಮಾತು ರಾತ್ರಿ ನನ್ನ ಮಲಗೋಕೆ ಬಿಡಲಿಲ್ಲ. ಹಾಗಾದ್ರೆ ಕಿವಿ ಹೋದ ಮೇಲೆ ಬಂದ ಒಂದು ಹಾಡೂ ಅಪ್ಪನೊಳಗೆ ಹೋಗಿಲ್ಲ. ನಾನು ಕಾಲೇಜಲ್ಲಿ ಕುಣಿದ ಹಾಡು, ನನ್ನ ಮದುವೆಯಲ್ಲಿ ಹಾಕಿದ ಹಾಡು, ಯಾವುದೂ ಇಲ್ಲ. ಅವರ ಹಾಡಿನ ಪೆಟ್ಟಿಗೆ ಎಲ್ಲೋ ಒಂದು ಕಡೆ ಮುಚ್ಚಿಹೋಗಿದೆ. ಮುಚ್ಚೋ ಮುಂಚೆ ಅದರೊಳಗೆ ಕೊನೆಯದಾಗಿ ತುಂಬಿದ್ದು ಹಂಸಲೇಖ. ನಮಗೆ ಇದು ಹಿರಿಯ ಕಲಾವಿದರೊಬ್ಬರಿಗೆ ಸಲ್ಲಿಸೋ ಗೌರವ. ಅಪ್ಪನಿಗೆ ಇದು ಉಳಿದಿರೋ ಹಾಡು.

ಕಾರ್ಯಕ್ರಮದ ದಿನ ನಮಗೆ ಕೊಟ್ಟಿದ್ದು ಇಪ್ಪತ್ತೈದು ನಿಮಿಷ. ನಮ್ಮ ಮುಂದೆ ಡೊಳ್ಳು, ನಮ್ಮ ಹಿಂದೆ ಮಕ್ಕಳ ಫ್ಯಾನ್ಸಿ ಡ್ರೆಸ್. ಸಮಯ ಸಾಲದೆ 'ಆಕಸ್ಮಿಕ'ದ ಹಾಡಲ್ಲಿ ಒಂದು ಚರಣ ಕತ್ತರಿಸಿದ್ವಿ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಮೊದಲ ಸಾಲಿನಲ್ಲಿ ಕೂತಿದ್ರು. ಪಕ್ಕದಲ್ಲಿ ಅಮ್ಮ.

ಮೊದಲು 'ಪ್ರೇಮಲೋಕ'. ಕೂತಿದ್ದ ನಲವತ್ತು, ಐವತ್ತು ವಯಸ್ಸಿನವರೆಲ್ಲ ಒಮ್ಮೆಗೇ ನೆಟ್ಟಗಾದ್ರು. 'ಹಾಲುಂಡ ತವರು' ಬಂದಾಗ ಹೌಸ್‌ಕೀಪಿಂಗ್ ಅಕ್ಕನ ಒಂಟಿ ದನಿ. ಆ ಕ್ಲಬ್‌ಹೌಸ್‌ನ ನೆಲವನ್ನ ದಿನಾ ಒರೆಸೋ ಹೆಂಗಸರು ಬಾಗಿಲ ಹತ್ರ ನಿಂತು ಕಣ್ಣೊರೆಸಿಕೊಂಡ್ರು. ಆಮೇಲೆ ಯಾರೋ ಹೋಗಿ ಅವರಿಗೆ ಕುರ್ಚಿ ಹಾಕಿದ್ರು. ಕುರ್ಚಿ ಮೊದಲೇ ಹಾಕಬೇಕಿತ್ತು, ನಮಗೆ ಹೊಳೆದಿರಲಿಲ್ಲ.

ಕೊನೆಗೆ ಜಟಕಾ ಹಾಡು. ನಾನು ಕಂಡಕ್ಟರ್ ಅಕ್ಕನ ಕೈ ನೋಡ್ಬೇಕಿತ್ತು, ಅಪ್ಪನ್ನ ನೋಡ್ತಿದ್ದೆ. ಅವರು ನಮ್ಮ ತುಟಿ ನೋಡ್ತಿದ್ರು. ಪಲ್ಲವಿ ಎರಡನೇ ಸಲ ಬರೋ ಹೊತ್ತಿಗೆ ಅವರ ತುಟಿ ಅಲ್ಲಾಡ್ತಿತ್ತು. ದನಿ ಇಲ್ಲ. ಪಕ್ಕದಲ್ಲಿದ್ದ ಅಮ್ಮನಿಗೂ ಕೇಳಿಸ್ತಿರಲಿಲ್ಲವಂತೆ. ಹದಿನಾರು ವರ್ಷದ ಹಿಂದೆ ಮಗಳು ನಿಲ್ಸಿ ಅಂದಿದ್ದನ್ನ ಅವರು ಆವತ್ತೂ ಮೀರಲಿಲ್ಲ. ಬಾಯೊಳಗೇ ಹಾಡ್ತಿದ್ರು. ಒಂದು ಅಕ್ಷರ ತಪ್ಪದೆ.

ನಾವು ಕತ್ತರಿಸಿದ ಚರಣ ಬಂತಲ್ಲ, ಅಲ್ಲಿ ನಾವು ನೇರ ಕೊನೆಯ ಪಲ್ಲವಿಗೆ ಹಾರಿದ್ವಿ. ಅಪ್ಪ ಹಾರಲಿಲ್ಲ. ಅವರ ತುಟಿ ಆ ಚರಣಕ್ಕೆ ಹೋಯ್ತು. ನಾವು ಒಂದು ಹಾಡ್ತಿದೀವಿ, ಅವರು ಇನ್ನೊಂದು. ಎರಡು ಕ್ಷಣ ಆದ ಮೇಲೆ ನಮ್ಮ ಬಾಯಿ ಬೇರೆ ಅಂತ ಅವರಿಗೆ ಕಂಡಿತು. ತುಟಿ ನಿಂತಿತು. ತಾನೇ ತಪ್ಪು ಮಾಡಿದೆ ಅನ್ನೋ ಹಾಗೆ ತಲೆ ತಗ್ಗಿಸಿದ್ರು. ತಪ್ಪು ನಮ್ಮದಾಗಿತ್ತು.

ಜನ ಚಪ್ಪಾಳೆ ತಟ್ಟಿದ್ರು, ಒನ್ಸ್ ಮೋರ್ ಅಂದ್ರು. ಸಮಯ ಇರಲಿಲ್ಲ. ಮಕ್ಕಳು ಆಗಲೇ ಕಿತ್ತೂರು ಚೆನ್ನಮ್ಮ, ಓಬವ್ವ ಆಗಿ ಪರದೆ ಹಿಂದೆ ಕಾಯ್ತಿದ್ರು.

ರಾತ್ರಿ ಮೆಟ್ರೋ ಸ್ಟೇಷನ್‌ವರೆಗೂ ಅಪ್ಪ ಅಮ್ಮನ ಜೊತೆ ನಡ್ಕೊಂಡು ಹೋದೆ. ಮೆಟ್ಟಿಲ ಹತ್ರ, ಲೈಟ್ ಕೆಳಗೆ, ಮುಖ ಕಾಣೋ ಹಾಗೆ ನಿಂತೆ. 2009ರಲ್ಲಿ ಹೇಗೆ ನಿಂತಿದ್ದೆನೋ ಹಾಗೇ. "ಅಪ್ಪಾ, ಮುಂದಿನ ಸಲ ಪೂರ್ತಿ ಹಾಡ್ತೀವಿ. ನೀವೂ ನಮ್ಮ ಜೊತೆ ಹಾಡ್ಬೇಕು. ದನಿ ಬಿಟ್ಟು." ಅವರು ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡ್ತಿದ್ರು. ಆಮೇಲೆ ಕೇಳಿದ್ರು, "ಶ್ರುತಿ?"

ಅಂದ್ರೆ ಅವರು ಮರೆತಿರಲಿಲ್ಲ.

ನಾನು ಹೇಳಿದೆ, ಬೇಸ್ ಪಾಲಿನವರ ಮಧ್ಯೆ ನಿಂತ್ಕೊಳ್ಳಿ, ಅವರದ್ದು ತಗ್ಗಿನ ದನಿ, ನಿಮಗೆ ಕೇಳಿಸತ್ತೆ ಅಂತ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಪ್ರಾಕ್ಟೀಸಿನಲ್ಲಿ ನೋಡಿದ್ದೆ. ಅಪ್ಪನಿಗೆ ಉಳಿದಿರೋದು ಕೆಳಗಿನ ದನಿಗಳು. ಬೇಸ್ ಹುಡುಗರ ಹತ್ರ ಕೂತಾಗ ಅವರ ಕೈ ತೊಡೆ ಮೇಲೆ ಸರಿಯಾದ ತಾಳ ಹಾಕ್ತಿತ್ತು. ಅಪ್ಪ ಏನೂ ಹೇಳದೆ ಮೆಟ್ಟಿಲು ಹತ್ತಿದ್ರು.

ಕಳೆದ ಎರಡು ಶನಿವಾರ ಅವರು ಬೇಸ್ ಪಾಲಿನಲ್ಲಿ ನಿಂತಿದ್ದಾರೆ. ಒಂದು ಪಕ್ಕ ಒಡಿಶಾ ಹುಡುಗ, ಇನ್ನೊಂದು ಪಕ್ಕ ಲಖನೌ ಹುಡುಗ. ಶ್ರುತಿ ಜಾರಿದ್ರೆ ಇಬ್ಬರೂ ಸ್ವಲ್ಪ ಹತ್ರ ಬಂದು ಅವರ ಕಿವಿ ಪಕ್ಕ ಹಾಡ್ತಾರೆ. ಕೆಲವು ಸಲ ಸರಿಹೋಗತ್ತೆ, ಕೆಲವು ಸಲ ಇಲ್ಲ. ಕಿವಿ ಡಾಕ್ಟರ ಹತ್ರ ಬರೋಕೂ ಒಪ್ಪಿದ್ದಾರೆ. ಕಿವಿ ಮಿಷನ್ ಹಾಕ್ಕೋತಾರೋ ಇಲ್ವೋ ಇನ್ನೂ ಗೊತ್ತಿಲ್ಲ. "ಮೂವತ್ತು ವರ್ಷ ಮಿಷನ್ ಜೊತೆ ಇದ್ದಿದ್ದು ಸಾಕಾಗಿದೆ" ಅಂತಾರೆ. ಜೂನ್‌ನಲ್ಲಿ ಹಂಸಲೇಖ ಅವರ ಹುಟ್ಟುಹಬ್ಬಕ್ಕೆ ಮತ್ತೆ ಹಾಡ್ತೀವಿ, ಚರಣ ಕತ್ತರಿಸದೆ.

ಈಗ ಆ ವಾಲ್ಯೂಮ್ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಜೋರು ಸದ್ದಲ್ಲಿ ಕೇಳೋ ಅಭ್ಯಾಸದಿಂದ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರ ಕಿವಿಗೆ ಅಪಾಯ ಇದೆ. 80 ಡೆಸಿಬೆಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಆದ್ರೆ ಬರೀ 4 ಗಂಟೆ. ಅಪ್ಪನಿಗೆ ಆ ಶೆಡ್ಡು ಬಿಟ್ಟು ಬೇರೆ ದಾರಿ ಇರಲಿಲ್ಲ. ನಮ್ಮದು ನಮ್ಮ ಬೆರಳ ತುದಿಯಲ್ಲೇ ಇದೆ.

ಇನ್ನೊಂದೇ ಮಾತು. ನಿಮ್ಮ ಮನೇಲಿ ಯಾರಾದ್ರೂ ಅಪಶ್ರುತಿಯಲ್ಲಿ, ಜೋರಾಗಿ, ಬಟ್ಟೆ ಒಗೀತಾನೋ ಅಡುಗೆ ಮಾಡ್ತಾನೋ ಹಾಡ್ತಿದ್ರೆ, ದಯವಿಟ್ಟು ಹಾಡೋಕೆ ಬಿಡಿ.